ಮಳೆಗಾಲದ ಮನೆ: ವಿಷವಿಲ್ಲದೆ ಕೀಟಬಾಧೆಯ ನಿವಾರಣೆ



ಮುಂಗಾರು ಹಿಡಿಯುವ ಹೊತ್ತಿಗೆ ಮಲೆನಾಡಿನ ಯಾವ ಪೇಟೆಯ ಅಂಗಡಿಯನ್ನು ಹೊಕ್ಕರೂ ಒಂದು ನೋಟ ಸಾಮಾನ್ಯವಾಗಿರುತ್ತದೆ. ಸೊಳ್ಳೆಬತ್ತಿ, ಜಿರಳೆಗೆ ಸಿಂಪಡಿಸುವ ಡಬ್ಬಿ, ಇರುವೆಗೆ ಗೆರೆ ಎಳೆಯುವ ಸೀಮೆಸುಣ್ಣ, ಇಲಿಪಾಷಾಣ, ನುಸಿಗುಳಿಗೆ, ಇವೆಲ್ಲವೂ ಬೇಳೆ ಬೆಲ್ಲಗಳ ಪಕ್ಕದಲ್ಲಿಯೇ ಸಾಲಾಗಿ ಕುಳಿತಿರುತ್ತವೆ. ಕೃಷಿಕರ ಮನೆಗಳಲ್ಲಿ ಇವುಗಳ ಜೊತೆಗೆ ಇನ್ನೊಂದು ವರ್ಗದ ವಿಷವೂ ಇರುತ್ತದೆ. ತೋಟಕ್ಕೆಂದು ತಂದು ಉಳಿದದ್ದು ಅಟ್ಟದ ಮೂಲೆ ಸೇರಿ, ಅಡುಗೆಮನೆಯಲ್ಲಿ ಇರುವೆ ಹೆಚ್ಚಾದ ದಿನ ಕೆಳಗಿಳಿದು ಬರುತ್ತದೆ. ಒಂದು ಎಕರೆ ತೋಟಕ್ಕೆ ಲೆಕ್ಕ ಹಾಕಿ ತಯಾರಿಸಿದ ವಸ್ತುವನ್ನು ಹತ್ತು ಅಡಿ ಕೋಣೆಯಲ್ಲಿ ಕಣ್ಣಂದಾಜಿನಿಂದ ಬಳಸುವ ಈ ರೂಢಿಯಷ್ಟು ಅಪಾಯಕಾರಿಯಾದದ್ದು ಹಳ್ಳಿಯ ಮನೆಯಲ್ಲಿ ಬೇರೊಂದಿಲ್ಲ.

ಈ ವಿಷಗಳ ಚರಿತ್ರೆಯನ್ನು ಒಮ್ಮೆ ಅವಲೋಕಿಸುವುದು ಅಗತ್ಯ. ಒಂದು ಕಾಲದಲ್ಲಿ ಇರುವೆಗೂ ತಿಗಣೆಗೂ ಮನೆಯೊಳಗೆ ಧಾರಾಳವಾಗಿ ಚೆಲ್ಲುತ್ತಿದ್ದ ಬಿ.ಎಚ್.ಸಿ. ಪುಡಿಯನ್ನು 1997ರಲ್ಲಿ ನಿಷೇಧಿಸಲಾಯಿತು. ಕಾಸರಗೋಡಿನಲ್ಲಿಯೂ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳ ಸುತ್ತಿನಲ್ಲಿಯೂ ಗೇರುತೋಪುಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನ್, ಬಹಳಷ್ಟು ಮನೆಗಳನ್ನು ನರಳಿಸಿದ ಮೇಲೆ, 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ನಿಂತಿತು. ತಿಗಣೆ ಜಿರಳೆಗಳಿಗೆಂದು ಕೊಳ್ಳುತ್ತಿದ್ದ ಡೈಕ್ಲೋರ್‌ವಾಸ್ ಮತ್ತು ಬಾಳೆ ಶುಂಠಿಗಳ ಬುಡಕ್ಕೆ ಹಾಕುತ್ತಿದ್ದ ಫೋರೇಟ್ ಹರಳುಗಳು, 2018ರ ಕೇಂದ್ರ ಸರ್ಕಾರದ ಆದೇಶದಂತೆ, 2020ರ ಡಿಸೆಂಬರ್ 31ರಿಂದ ನಿಷೇಧಕ್ಕೆ ಒಳಗಾದವು. ಗೆದ್ದಲಿಗೆಂದು ಮನೆಯ ತಳಪಾಯಕ್ಕೆ ಸುರಿಯುತ್ತಿದ್ದ ಆಲ್ಡ್ರಿನ್ ಮತ್ತು ಹೆಪ್ಟಾಕ್ಲೋರ್ 2001ರ ಸ್ಟಾಕ್‌ಹೋಮ್ ಒಪ್ಪಂದದ ಮೊದಲ ಹನ್ನೆರಡರ ಪಟ್ಟಿಯಲ್ಲಿಯೇ ಇದ್ದವು. ಅವುಗಳ ಜಾಗಕ್ಕೆ ಬಂದ ಕ್ಲೋರ್‌ಪೈರಿಫಾಸ್ ಕೂಡ ಕೆಲವು ವಿನಾಯಿತಿಗಳೊಂದಿಗೆ 2025ರಲ್ಲಿ ಅದೇ ಒಪ್ಪಂದದ ಪಟ್ಟಿಯನ್ನು ಸೇರಿತು. ಇವುಗಳಲ್ಲಿ ಪ್ರತಿಯೊಂದೂ ಮಾರುಕಟ್ಟೆಗೆ ಬಂದಾಗ ಸುರಕ್ಷಿತವೆಂಬ ಭರವಸೆಯೊಂದಿಗೇ ಬಂದಿತ್ತು. ಇಂದು ಅಂಗಡಿಯಲ್ಲಿ ಸಿಗುವುದೆಲ್ಲವೂ ನಾಳೆ ನಿಷೇಧವಾದೀತೆಂದು ಹೇಳಲು ಆಧಾರವಿಲ್ಲ. ಆದರೆ ಇಂದು ಮಾರಾಟವಾಗುತ್ತಿದೆ ಎಂಬುದೊಂದೇ ಕಾರಣಕ್ಕೆ ಅದನ್ನು ನಿರಪಾಯವೆಂದು ನಂಬುವುದಕ್ಕೂ ಆಧಾರವಿಲ್ಲ.

ಮಲೆನಾಡಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಇಲ್ಲಿಯ ಮನೆಗಳು ಇಳಿಜಾರಿನಲ್ಲಿವೆ. ಅಂಗಳದ ನೀರು ಹಿತ್ತಿಲಿಗೆ, ಹಿತ್ತಿಲಿನದು ತೋಟದ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ ಇಳಿಯುತ್ತದೆ. ಕೆಳಗಿನ ಮನೆಯವರು ಅದೇ ಹಳ್ಳದ ಬದಿಯ ಬಾವಿಯ ನೀರನ್ನು ಕುಡಿಯುತ್ತಾರೆ. ಸೊಳ್ಳೆ ಜಿರಳೆಗಳ ಔಷಧಗಳಲ್ಲಿ ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಪೈರಿಥ್ರಾಯ್ಡ್ ವರ್ಗದ ರಾಸಾಯನಿಕಗಳು ಮನುಷ್ಯನಿಗೆ ಹಳೆಯ ವಿಷಗಳಿಗಿಂತ ಕಡಿಮೆ ಅಪಾಯಕಾರಿ ಎಂಬುದು ನಿಜ. ಮೀನಿಗೂ ಜೇನಿಗೂ ಅವು ಅತ್ಯಲ್ಪ ಪ್ರಮಾಣದಲ್ಲಿಯೇ ಮಾರಕ. ಸಿಂಪಡಿಸಿದ ನೆಲವನ್ನು ಒರೆಸಿದ ನೀರನ್ನು ಹಿತ್ತಿಲಿಗೆ ಚೆಲ್ಲುವಾಗ ಹಳ್ಳದ ಮೀನಿನ ನೆನಪು ಯಾರಿಗೂ ಬರುವುದಿಲ್ಲ.

ಹಾಗಾದರೆ ಕೀಟಗಳನ್ನು ಸಹಿಸಿಕೊಂಡು ಬದುಕಬೇಕೇ ಎಂಬ ಪ್ರಶ್ನೆ ಸಹಜ. ಹಾಗೆ ಯಾರೂ ಹೇಳುವುದಿಲ್ಲ. ಸೊಳ್ಳೆಯಿಂದ ಡೆಂಗಿ, ಇಲಿಯಿಂದ ಇಲಿಜ್ವರ ಬರುವುದು ಕಣ್ಣೆದುರಿನ ಸತ್ಯ. ಆದರೆ ಒಂದು ಜೀವಿ ಮನೆಯೊಳಗೆ ನೆಲೆ ನಿಲ್ಲಬೇಕಾದರೆ ಅದಕ್ಕೆ ತೇವ, ಆಹಾರ ಮತ್ತು ಅಡಗುವ ಸಂದು ಬೇಕು. ವಿಷವು ಈ ಮೂರರಲ್ಲಿ ಯಾವುದನ್ನೂ ತೆಗೆಯುವುದಿಲ್ಲ. ಇರುವ ಕೀಟಗಳನ್ನು ಕೊಂದು, ಮುಂದೆ ಬರುವ ಕೀಟಗಳಿಗೆ ಮನೆಯನ್ನು ಖಾಲಿ ಮಾಡಿಕೊಡುತ್ತದೆ, ಅಷ್ಟೇ.

ಈ ಮೂರರಲ್ಲಿ ಮಲೆನಾಡಿನ ಮಟ್ಟಿಗೆ ಮುಖ್ಯವಾದದ್ದು ತೇವ. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಅಷ್ಟು ಮಳೆಯಿಲ್ಲದ ಊರುಗಳಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಬಟ್ಟೆ, ಧಾನ್ಯ ಎಲ್ಲವೂ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತವೆ. ಹಿಂದಿನ ಮನೆಗಳು ಇದಕ್ಕೆ ಒಂದು ಉತ್ತರವನ್ನು ಕಂಡುಕೊಂಡಿದ್ದವು. ಅಡುಗೆಮನೆಯ ಒಲೆ ದಿನವಿಡೀ ಉರಿಯುತ್ತಿತ್ತು. ಅದರ ಬಿಸಿ ಹೊಗೆ ಅಟ್ಟವನ್ನು ಹಾದು ಹಂಚಿನ ಸಂದುಗಳಿಂದ ಹೊರಹೋಗುತ್ತಿತ್ತು. ಬೀಜದ ಸೌತೆ, ಹೀರೆ, ಮೆಣಸಿನಕಾಯಿ, ಉಪ್ಪು, ಬೆಲ್ಲ ಎಲ್ಲಕ್ಕೂ ಆ ಅಟ್ಟವೇ ಆಶ್ರಯ. ಪಕಾಸಿ ರೀಪುಗಳು ಹೊಗೆ ಕುಡಿದು ಕಪ್ಪಾಗಿ ಹುಳಕ್ಕೆ ರುಚಿಸದಂತಾಗುತ್ತಿದ್ದವು. ಅಡುಗೆ ಅನಿಲ ಬಂದ ಮೇಲೆ ಹೊಗೆ ಹೋಯಿತು. ಅದು ಹೋದದ್ದು ಸರಿಯೇ. ಆ ಹೊಗೆಯ ಬೆಲೆಯನ್ನು ತೆತ್ತದ್ದು ಹೆಂಗಸರ ಕಣ್ಣು ಮತ್ತು ಶ್ವಾಸಕೋಶ. ಹಳೆಯದನ್ನು ಹೊಗಳುವ ಭರದಲ್ಲಿ ಇದನ್ನು ಮರೆಯುವವರು ಒಲೆಯ ಮುಂದೆ ಕುಳಿತು ಊದಿದವರಲ್ಲ. ಆದರೆ ಹೊಗೆ ಹೋದಾಗ ಒಣಗಿಸುವ ಕೆಲಸವೂ ನಿಂತುಹೋಯಿತೆಂಬುದನ್ನು ಗಮನಿಸಲಿಲ್ಲ. ಅದೇ ಅಟ್ಟದ ಮೇಲೆ ಅದೇ ಗೋಣಿಚೀಲಗಳು ಉಳಿದವು. ಕೆಳಗಿನ ಬೆಂಕಿ ಮಾತ್ರ ಇಲ್ಲವಾಯಿತು. ಹುಳು ಹಿಡಿಯಿತೆಂದು ಗುಳಿಗೆ ತರುವ ಪದ್ಧತಿ ಈ ತೆರವಿನಲ್ಲಿ ಬಲವಾಗಿ ಬೆಳೆದಿದೆ.

ಆ ಗುಳಿಗೆಯ ವಿಚಾರವನ್ನು ಸ್ಪಷ್ಟವಾಗಿ ಹೇಳಬೇಕು. ಧಾನ್ಯದ ಮೂಟೆಗಳ ನಡುವೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವವನ್ನು ತಾಗಿದೊಡನೆ ಫಾಸ್ಫೀನ್ ಎಂಬ ಅನಿಲವನ್ನು ಬಿಡುತ್ತದೆ. ಈ ಅನಿಲಕ್ಕೆ ಪ್ರತಿವಿಷವಿಲ್ಲ. ದೊಡ್ಡ ಉಗ್ರಾಣಗಳಲ್ಲಿ ತರಬೇತಿ ಪಡೆದವರು, ಜನವಸತಿಯಿಂದ ದೂರದಲ್ಲಿ, ಹೊದಿಕೆ ಹಾಕಿ ಬಳಸಬೇಕಾದ ವಸ್ತುವಿದು. ಅಟ್ಟದಲ್ಲಿ ಮಾತ್ರೆಯಿಟ್ಟು ಅದರ ಕೆಳಗಿನ ಕೋಣೆಯಲ್ಲಿ ಮಕ್ಕಳನ್ನು ಮಲಗಿಸುವುದೆಂದರೆ ಸಾವಿಗೆ ಬಾಗಿಲು ತೆರೆದಂತೆ. ಮನೆಯಲ್ಲಿ ಇದನ್ನು ಎಂದಿಗೂ ಬಳಸಬಾರದು.

ಇದಕ್ಕೆ ಪರ್ಯಾಯವನ್ನು ಹುಳುವಿನ ಬದುಕಿನಲ್ಲಿಯೇ ಹುಡುಕಬೇಕು. ಅಕ್ಕಿಯಲ್ಲಿ ಕಾಣುವ, ಮುಂದೆ ಚಿಕ್ಕ ಸೊಂಡಿಲಿರುವ ಕಂದು ಹುಳುವನ್ನು ತಾವೆಲ್ಲರೂ ಬಲ್ಲಿರಿ. ಹೆಣ್ಣುಹುಳು ತನ್ನ ಸೊಂಡಿಲಿನಿಂದ ಕಾಳಿನಲ್ಲಿ ಸಣ್ಣ ರಂಧ್ರ ಕೊರೆದು, ಅದರೊಳಗೆ ಒಂದು ಮೊಟ್ಟೆಯಿಟ್ಟು, ಮೇಲೆ ಅಂಟಿನಿಂದ ಮುಚ್ಚುತ್ತದೆ. ಒಂದು ಹೆಣ್ಣು ತನ್ನ ಬಾಳಿನಲ್ಲಿ ಮುನ್ನೂರಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲುದು. ಮರಿ ಕಾಳಿನೊಳಗೇ ತಿಂದು ಬೆಳೆದು ನಾಲ್ಕೈದು ವಾರಗಳಲ್ಲಿ ಹೊರಬರುತ್ತದೆ. ಕಣ್ಣಿಗೆ ಹತ್ತು ಹುಳು ಕಂಡಾಗ ಕಾಣದೆ ಕಾಳಿನೊಳಗಿರುವವು ಅದಕ್ಕಿಂತ ಎಷ್ಟೋ ಹೆಚ್ಚು. ಮೊರದಲ್ಲಿ ಕೇರಿ, ನೆರಳಿನಲ್ಲಿ ಹರಡಿ ಮತ್ತೆ ತುಂಬಿದ ಅಕ್ಕಿಯಲ್ಲಿ ತಿಂಗಳೊಳಗೆ ಪುನಃ ಹುಳು ಕಾಣುವುದು ಇದರಿಂದಲೇ.

ಈ ಸರಪಳಿಯನ್ನು ಮುರಿಯಲು ಮೂರು ಸ್ಥಾನಗಳಿವೆ. ಮೊದಲನೆಯದು ಒಣಗಿಸುವುದು. ಭತ್ತವಾಗಲಿ ಅಕ್ಕಿಯಾಗಲಿ ಶೇಕಡಾ 12ರಿಂದ 13ರ ತೇವಾಂಶಕ್ಕೆ ಬರುವಂತೆ ಮಳೆಗೆ ಮೊದಲೇ ಒಣಗಿಸಬೇಕು. ಕಚ್ಚಿದಾಗ ಕಾಳು ಚಪ್ಪಟೆಯಾಗದೆ 'ಕಟಕ್' ಎಂದು ಮುರಿದರೆ ಸರಿಸುಮಾರು ಆ ಹದ ಬಂದಿತೆಂದು ತಿಳಿಯಬಹುದು. ಆದರೆ ಒಣಗಿಸಿದ ಧಾನ್ಯವನ್ನು ಗೋಣಿಯಲ್ಲಿ ತುಂಬಿದರೆ ಜುಲೈ ತಿಂಗಳ ಗಾಳಿ ಆ ಶ್ರಮವನ್ನೆಲ್ಲ ವ್ಯರ್ಥಗೊಳಿಸುತ್ತದೆ. ಆದುದರಿಂದ ಎರಡನೆಯ ಸ್ಥಾನ ಗಾಳಿ ಆಡದಂತೆ ಮುಚ್ಚುವುದು. ಬಿಗಿ ಮುಚ್ಚಳದ ಡಬ್ಬಿಯನ್ನು ಕುತ್ತಿಗೆಯವರೆಗೆ ತುಂಬಿ ಮುಚ್ಚಿದರೆ, ಒಳಗೆ ಉಳಿದಿರುವ ಹುಳುಗಳೇ ಅಲ್ಲಿರುವ ಆಮ್ಲಜನಕವನ್ನು ಬಳಸಿ ಮುಗಿಸಿ ಸಾಯುತ್ತವೆ. ಅರ್ಧ ತುಂಬಿದ ಡಬ್ಬಿಯಲ್ಲಿ ಈ ಉಪಾಯ ಫಲಿಸದು. ದಿನಕ್ಕೆರಡು ಸಲ ತೆರೆಯುವ ಡಬ್ಬಿಯಲ್ಲಂತೂ ಇಲ್ಲವೇ ಇಲ್ಲ. ದಿನಬಳಕೆಗೆ ಚಿಕ್ಕ ಡಬ್ಬಿಯನ್ನೂ ಸಂಗ್ರಹಕ್ಕೆ ದೊಡ್ಡ ಡಬ್ಬಿಗಳನ್ನೂ ಬೇರೆಯಾಗಿಡಬೇಕು. ಬಯಲುಸೀಮೆಯ ಹಗೇವು ಇದೇ ತತ್ತ್ವದ ಮೇಲೆ ನಿಂತದ್ದು. ನೆಲದೊಳಗೆ ಮುಚ್ಚಿದ ಜೋಳಕ್ಕೆ ಹುಳು ಹಿಡಿಯದಿರುವುದಕ್ಕೂ, ಹೊಸದಾಗಿ ತೆರೆದ ಹಗೇವಿಗೆ ಅವಸರದಿಂದ ಇಳಿದವರು ಉಸಿರುಗಟ್ಟಿ ಸತ್ತದ್ದಕ್ಕೂ ಕಾರಣ ಒಂದೇ. ನೆಲ ಅಗೆದಲ್ಲಿ ನೀರು ಒಸರುವ ಮಲೆನಾಡಿಗೆ ಹಗೇವು ಹೊಂದುವುದಿಲ್ಲ. ಇಲ್ಲಿಯವರು ಮರದ ಪಣತ ಕಟ್ಟಿದರು, ಅಕ್ಕಿಯನ್ನು ಹುಲ್ಲಿನ ಮುಡಿಯಲ್ಲಿ ಬಿಗಿದರು. ಅಕ್ಕಿಯ ಬದಲು ಭತ್ತವನ್ನೇ ಕೂಡಿಟ್ಟು ಬೇಕಾದಾಗ ಮಿಲ್ಲಿಗೆ ಒಯ್ಯುವ ಕ್ರಮ ಇನ್ನೂ ಉಳಿದಿರುವ ಮನೆಗಳಲ್ಲಿ ಹುಳುವಿನ ಕಾಟ ಕಡಿಮೆ, ಏಕೆಂದರೆ ಒಡೆಯದ ಹೊಟ್ಟಿನ ಕವಚವನ್ನು ಸೊಂಡಿಲಹುಳು ಸುಲಭವಾಗಿ ಭೇದಿಸಲಾರದು.

ಮೂರನೆಯದು ಶಾಖ. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಕಪ್ಪು ಹಾಳೆಯ ಮೇಲೆ ಕಾಳನ್ನು ತೆಳುವಾಗಿ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚುಗಳಿಗೆ ಕಲ್ಲು ಹೇರಿದರೆ ಒಳಗಿನ ಉಷ್ಣತೆ 50 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಕಾಳಿನೊಳಗಿನ ಮೊಟ್ಟೆ ಮರಿಗಳಿಗೂ ಈ ಶಾಖ ಕೆಲವೇ ಗಂಟೆಗಳಲ್ಲಿ ಮೃತ್ಯುವಾಗುತ್ತದೆ. ಬಿತ್ತನೆಯ ಬೀಜಕ್ಕೆ ಮಾತ್ರ ಹೀಗೆ ಮಾಡಬಾರದು. ಮೊಳಕೆಯ ಶಕ್ತಿ ಕುಂದಬಹುದು. ಅಡಕೆ ಒಣಗಿಸಲು ಪ್ಲಾಸ್ಟಿಕ್ ಹೊದಿಕೆಯ ಮನೆ ಕಟ್ಟಿಕೊಂಡಿರುವವರು ಬೇಸಗೆಯಲ್ಲಿ ಅದನ್ನೇ ಇದಕ್ಕೂ ಬಳಸಿಕೊಳ್ಳಬಹುದು.

ಹೆಸರು, ಅಲಸಂದೆ, ಹುರುಳಿಗಳಿಗೆ ಬರುವ ದುಂಬಿಯ ರೀತಿ ಸ್ವಲ್ಪ ಬೇರೆ. ಅದು ಕಾಳಿನ ಹೊರಮೈಗೆ ಮೊಟ್ಟೆಯನ್ನು ಅಂಟಿಸುತ್ತದೆ, ಎಷ್ಟೋ ಸಲ ಹೊಲದಲ್ಲಿಯೇ. ಕಾಳಿನ ಮೇಲೆ ಕಾಣುವ ಬಿಳಿಯ ಚುಕ್ಕೆ ಆ ಮೊಟ್ಟೆ. ಒಂದು ಕಿಲೋ ಕಾಳಿಗೆ ಐದು ಮಿಲಿಲೀಟರ್, ಎಂದರೆ ಒಂದು ಚಮಚದಷ್ಟು ಅಡುಗೆ ಎಣ್ಣೆಯನ್ನು ಸವರಿಟ್ಟರೆ ಮೊಟ್ಟೆ ಉಸಿರಾಡಲಾಗದೆ ಸಾಯುತ್ತದೆ. ಬೇಳೆ ಒಡೆದಿಟ್ಟರೆ ದುಂಬಿಗೆ ಆಕರ್ಷಣೆ ಕಡಿಮೆ. ಬೇವಿನ ಸೊಪ್ಪನ್ನು ನಡುವೆ ಇಡುವ ರೂಢಿಯಿಂದ ಅಲ್ಪಸ್ವಲ್ಪ ಪ್ರಯೋಜನವಿದೆ, ಆದರೆ ಒದ್ದೆ ಸೊಪ್ಪನ್ನಿಟ್ಟರೆ ತೇವ ಹೆಚ್ಚಿ ಹಾನಿಯೇ ಆಗುತ್ತದೆ. ಬೇವು ಒಣಸೀಮೆಯ ಮರ. ಅತಿವೃಷ್ಟಿಯ ಊರುಗಳಲ್ಲಿ ಅದು ಸೊಂಪಾಗಿ ಬೆಳೆಯದು. ಇಲ್ಲಿ ಬೇಲಿಯಲ್ಲಿ ಸಿಗುವ ಲಕ್ಕಿಸೊಪ್ಪನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ ಧಾನ್ಯದ ಜೊತೆಗೂ ಬಟ್ಟೆಯ ಪೆಟ್ಟಿಗೆಯಲ್ಲೂ ಇಡುವುದುಂಟು. ಇದು ಸಹಾಯಕ ಕ್ರಮ ಮಾತ್ರ. ಒಣಗಿಸದೆ ಮುಚ್ಚಿದ ಧಾನ್ಯವನ್ನು ಯಾವ ಸೊಪ್ಪೂ ಕಾಯಲಾರದು.

ಇನ್ನು ಸೊಳ್ಳೆ. ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣುವನ್ನು ಕಂಡ ದಿನದಿಂದ ಸೊಳ್ಳೆಯ ಬಗ್ಗೆ ಸಂಗ್ರಹವಾದ ಜ್ಞಾನ ಅಪಾರ. ಆ ಜ್ಞಾನದ ಬಹುಪಾಲು ಹೇಳುವುದು ಒಂದೇ ಮಾತು: ಸೊಳ್ಳೆಯನ್ನು ನೀರಿನಲ್ಲಿಯೇ ತಡೆಯಬೇಕು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚನೆಯ ದಿನಗಳಲ್ಲಿ ಏಳರಿಂದ ಹತ್ತು ದಿನ ಸಾಕು. ಆ ದಿನಗಳಷ್ಟೂ ಅದು ಓಡಿಹೋಗಲಾರದ ಸ್ಥಿತಿಯಲ್ಲಿ ಒಂದು ಬೊಗಸೆ ನೀರಿನಲ್ಲಿರುತ್ತದೆ. ಡೆಂಗಿ, ಚಿಕೂನ್‌ಗುನ್ಯಗಳನ್ನು ಹರಡುವ, ಮೈಮೇಲೆ ಬಿಳಿಯ ಪಟ್ಟೆಗಳಿರುವ ಏಡಿಸ್ ಸೊಳ್ಳೆಯು ಹಗಲಿನಲ್ಲಿ ಕಚ್ಚುತ್ತದೆ, ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರಿಗಿಂತ ದೂರ ಹೋಗುವುದಿಲ್ಲ. ಆದುದರಿಂದ ಜಗಲಿಯಲ್ಲಿ ಕುಳಿತವರನ್ನು ಕಚ್ಚಿದ ಏಡಿಸ್ ಹೆಚ್ಚಾಗಿ ಅದೇ ಮನೆಯ ಹಿತ್ತಿಲಿನದು ಅಥವಾ ನೆರೆಮನೆಯದು. ಪಂಚಾಯಿತಿಯ ಹೊಗೆಯಂತ್ರ ಎಂದು ಬಂದೀತೆಂದು ಕಾಯುವವರು ಈ ಅಂಶವನ್ನು ಗಮನಿಸಬೇಕು.

ಮಲೆನಾಡಿನ ಹಿತ್ತಿಲಿನಲ್ಲಿ ಈ ಬೊಗಸೆ ನೀರು ಎಲ್ಲಿದೆ? ಹೂಕುಂಡದ ತಟ್ಟೆ, ಹಳೆಯ ಟೈರು ಎಂದು ನಗರದ ಕರಪತ್ರಗಳು ಹೇಳುತ್ತವೆ. ಇಲ್ಲಿ ಮೊದಲು ನೋಡಬೇಕಾದದ್ದು ಅಡಕೆಯ ಹಾಳೆಯನ್ನು. ತೋಟದಲ್ಲಿ ಬಿದ್ದ ಹಾಳೆ ದೋಣಿಯಂತೆ ಮಳೆನೀರನ್ನು ಹಿಡಿದಿಡುತ್ತದೆ. ಒಂದು ಎಕರೆ ತೋಟದಲ್ಲಿ ಎಷ್ಟು ಹಾಳೆಗಳು ಬೀಳುತ್ತವೆಂಬುದನ್ನು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ತೆಂಗಿನ ಕರಟ, ಒಡೆದ ಕೋಕೋ ಕಾಯಿಯ ಸಿಪ್ಪೆ, ರಬ್ಬರಿನ ಹಾಲು ಹಿಡಿಯುವ ಚಿಪ್ಪು, ಸೌದೆಗೆ ಹೊದಿಸಿದ ಪ್ಲಾಸ್ಟಿಕ್ಕಿನ ಮಡಿಕೆ, ದನಗಳ ಕಲ್ಲುಬಾನಿ, ಇವು ಉಳಿದವು. ಹಾಳೆಯನ್ನು ಬಿದ್ದ ವಾರದೊಳಗೆ ಎತ್ತಿ ತಟ್ಟೆಗೋ ಗೊಬ್ಬರಕ್ಕೋ ಬಳಸುವುದು ಉತ್ತಮ. ಅಷ್ಟು ಆಳು ಸಿಗದಿದ್ದರೆ ಬಿದ್ದಲ್ಲಿಯೇ ಕವುಚಿ ಹಾಕಿದರೂ, ಕತ್ತಿಯಿಂದ ಒಂದು ಸೀಳು ಹಾಕಿದರೂ ನೀರು ನಿಲ್ಲದು. ರಬ್ಬರಿನ ಚಿಪ್ಪನ್ನು ಹಾಲು ತೆಗೆಯದ ತಿಂಗಳುಗಳಲ್ಲಿ ಬೋರಲು ಹಾಕಬೇಕು. ಬಾನಿ, ಹಂಡೆಗಳ ನೀರು ಚೆಲ್ಲಿದರಷ್ಟೇ ಸಾಲದು. ಏಡಿಸ್ ತನ್ನ ಮೊಟ್ಟೆಗಳನ್ನು ನೀರಿನ ಅಂಚಿನ ಗೋಡೆಗೆ ಅಂಟಿಸುತ್ತದೆ. ಅವು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ವಾರಕ್ಕೊಮ್ಮೆ ನಾರಿನಿಂದ ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಕೊಳಕು ನೀರಿನ ಕ್ಯುಲೆಕ್ಸ್ ಸೊಳ್ಳೆಗೆ ಶೌಚಗುಂಡಿಯೇ ತವರು. ಅದರ ಗಾಳಿಕೊಳವೆಯ ತುದಿಗೆ ಒಂದು ತುಂಡು ಸೊಳ್ಳೆಪರದೆಯನ್ನು ಕಟ್ಟುವ ಖರ್ಚು ಒಂದು ಪೊಟ್ಟಣ ಸೊಳ್ಳೆಬತ್ತಿಗಿಂತ ಹೆಚ್ಚಿಲ್ಲ.

ಬಾವಿಗೆ, ತೊಟ್ಟಿಗೆ ಮೀನು ಬಿಡುವ ಕ್ರಮವೂ ಒಳ್ಳೆಯದೇ. ಆದರೆ ಯಾವ ಮೀನು ಎಂಬುದು ಮುಖ್ಯ. 1928ರಲ್ಲಿ ಭಾರತಕ್ಕೆ ತರಲಾದ ಗಂಬೂಸಿಯಾ ಮೀನು ಸೊಳ್ಳೆಮರಿಗಳ ಜೊತೆಗೆ ಊರಿನ ಮೀನುಗಳ ಮರಿಗಳನ್ನೂ ಕಪ್ಪೆಯ ಮರಿಗಳನ್ನೂ ತಿನ್ನುತ್ತದೆ. ಮಳೆಗಾಲದಲ್ಲಿ ತೊಟ್ಟಿ ತುಂಬಿ ಹರಿದರೆ ಅದು ಹಳ್ಳವನ್ನು ಸೇರುತ್ತದೆ, ಮತ್ತೆ ಹಿಂದಕ್ಕೆ ಕರೆಯಲಾಗದು. ಇಲ್ಲಿಯ ಹಳ್ಳಗಳಲ್ಲಿಯೇ ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆ ಹೊತ್ತು ನೀರಿನ ಮೇಲ್ಪದರದಲ್ಲಿ ಈಜುವ ಸಣ್ಣ ಮೀನಿದೆ. ಮಕ್ಕಳೆಲ್ಲರೂ ಅದನ್ನು ಕಂಡಿದ್ದಾರೆ. ಸೊಳ್ಳೆಮರಿ ತಿನ್ನುವುದರಲ್ಲಿ ಅದು ಹಿಂದೆ ಬಿದ್ದದ್ದಲ್ಲ.

ಸೊಳ್ಳೆಬತ್ತಿಯ ಬಗ್ಗೆ ಒಂದು ಮಾತು. 2003ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ, ಒಂದು ಸುರುಳಿಬತ್ತಿ ಉರಿದಾಗ ಹೊರಬರುವ ಅತಿಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟುಗಳಿಂದ ಬರುವಷ್ಟು. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಗುವಿನ ತಲೆಯ ಬಳಿ ಅದನ್ನು ಹಚ್ಚಿಡಲಾಗುತ್ತದೆ. ಸೊಪ್ಪಿನ ಹೊಗೆ ಹಾಕುವವರೂ ತಮ್ಮದು ನಿರಪಾಯವೆಂದು ಭಾವಿಸಬೇಕಾಗಿಲ್ಲ. ಲಕ್ಕಿಯ ಹೊಗೆಗೆ ಸೊಳ್ಳೆ ದೂರ ಹೋಗುವುದು ನಿಜವಾದರೂ ಶ್ವಾಸಕೋಶಕ್ಕೆ ಹೊಗೆ ಹೊಗೆಯೇ. ಕೊಟ್ಟಿಗೆಯಲ್ಲಿ ಸಂಜೆ ಅರ್ಧ ಗಂಟೆ ಹಾಕಬಹುದು, ಮಲಗುವ ಕೋಣೆಯಲ್ಲಿ ಬೇಡ. ಮಲಗುವವರಿಗೆ ಪರದೆಯಷ್ಟು ಉತ್ತಮ ಸಾಧನ ಇಂದಿಗೂ ಬೇರಿಲ್ಲ.

ಗೆದ್ದಲು, ಅಥವಾ ಒರಲೆ, ಕಾಡಿನ ದೃಷ್ಟಿಯಿಂದ ಮಹೋಪಕಾರಿ. ಬಿದ್ದ ಮರವನ್ನು ಮಣ್ಣಾಗಿಸುವ ಕೆಲಸ ಅದರದು. ಅದು ಮನೆಯ ಕಂಬಕ್ಕೂ ಕಾಡಿನ ಮರಕ್ಕೂ ವ್ಯತ್ಯಾಸವರಿಯದಿರುವುದೇ ತೊಂದರೆ. ಅದರ ಮೈ ಮೃದು, ಗಾಳಿಗೆ ಬೇಗ ಒಣಗುತ್ತದೆ. ಅದಕ್ಕಾಗಿಯೇ ನೆಲದ ತೇವವನ್ನು ಬಿಡದೆ ಮಣ್ಣಿನ ಸುರಂಗ ಕಟ್ಟಿಕೊಂಡು ಏರುತ್ತದೆ. ಹಳೆಯ ಮನೆಗಳಲ್ಲಿ ಮರದ ಕಂಬವನ್ನು ನೆಲಕ್ಕೆ ತಾಗಿಸದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸಿದ್ದು ಅಂದಕ್ಕಲ್ಲ. ಕಲ್ಲಿನ ಮೇಲೆ ಸುರಂಗ ಏರಿದರೆ ಕಣ್ಣಿಗೆ ಬೀಳಲಿ ಎಂಬುದು ಅದರ ಉದ್ದೇಶ. ಇಂದು ಕಾಂಕ್ರೀಟು ಹಾಕುವಾಗ ಬಾಗಿಲ ಚೌಕಟ್ಟನ್ನು ನೆಲದೊಳಕ್ಕೆ ಹೂಳಿ, ಸೌದೆಯನ್ನು ಗೋಡೆಗೆ ಒರಗಿಸಿ ಪೇರಿಸಿ, ಬಳಿಕ ತಳಪಾಯಕ್ಕೆ ವಿಷ ಸುರಿಸುತ್ತಾರೆ. ಹತ್ತು ಮಾರು ದೂರದಲ್ಲಿ ಬಾವಿಯಿರುತ್ತದೆ, ಮಲೆನಾಡಿನ ಕೆಂಪುಕಲ್ಲು ಜಾಲರಿಯಂತೆ ನೀರನ್ನು ಸೋಸಿಬಿಡುತ್ತದೆ. ಸೌದೆಯನ್ನು ಗೋಡೆಯಿಂದ ದೂರ, ಕಲ್ಲಿನ ಮೇಲೆ ಪೇರಿಸುವುದು, ಹಂಚಿನ ಸೋರಿಕೆಯನ್ನು ಮಳೆಗೆ ಮೊದಲು ಸರಿಪಡಿಸುವುದು, ತಿಂಗಳಿಗೊಮ್ಮೆ ಗೋಡೆಯ ಬುಡವನ್ನು ನೋಡಿ ಸುರಂಗಗಳನ್ನು ಕೆರೆದುಹಾಕುವುದು, ಈ ಮೂರರಿಂದ ಬಹುಪಾಲು ಮನೆಗಳು ಪಾರಾಗುತ್ತವೆ. ಮರಕ್ಕೆ ಗೇರೆಣ್ಣೆ ಬಳಿಯುವುದು ಕರಾವಳಿಯ ಹಳೆಯ ಕ್ರಮ, ಪರಿಣಾಮಕಾರಿಯೂ ಹೌದು. ಅದು ಚರ್ಮವನ್ನು ಸುಡುತ್ತದೆ, ಕೈಗವಸಿಲ್ಲದೆ ಮುಟ್ಟಬಾರದು. ಮಳೆ ತಾಗದ ಒಳಗಿನ ಮರಗೆಲಸಕ್ಕೆ ಬೊರಾಕ್ಸ್ ದ್ರಾವಣವನ್ನು ಹೀರಿಸಿದರೆ ಒರಲೆಯೂ ಕುಟ್ಟೆಹುಳುವೂ ಸೇರುವುದಿಲ್ಲ.

ಇರುವೆ ಸಾಲಾಗಿ ಬರುವುದು ಮುಂದೆ ಹೋದ ಇರುವೆ ಬಿಟ್ಟ ವಾಸನೆಯ ಜಾಡಿನಿಂದ. ಸಾಬೂನು ನೀರಿನಿಂದ ಆ ಜಾಡನ್ನು ಒರೆಸಿ, ಅದು ಹೊರಟ ಬಿರುಕನ್ನು ಸುಣ್ಣದಿಂದ ಮುಚ್ಚಿದರೆ ಸಾಲು ಕಡಿಯುತ್ತದೆ. ಹಾಲು ಮೊಸರಿನ ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿರಿಸುವ ರೂಢಿ ಒಳ್ಳೆಯದಾದರೂ ಆ ಬಟ್ಟಲುಗಳಲ್ಲಿಯೇ ಸೊಳ್ಳೆ ಮರಿ ಹಾಕುತ್ತದೆ. ಅದಕ್ಕೆ ನಾಲ್ಕು ಹನಿ ಎಣ್ಣೆ ಬಿಡಬೇಕು. ಜಿರಳೆಗೆ ಸಿಂಪಡಿಸಿದ ಔಷಧ ಅದರ ಗಟ್ಟಿಯಾದ ಮೊಟ್ಟೆಚೀಲದೊಳಕ್ಕೆ ಇಳಿಯುವುದಿಲ್ಲ. ಚಿಕ್ಕ ಜಾತಿಯ ಜಿರಳೆಯ ಒಂದೊಂದು ಚೀಲದಲ್ಲಿ ಮೂವತ್ತು ನಲವತ್ತು ಮೊಟ್ಟೆಗಳಿರುತ್ತವೆ. ರಾತ್ರಿ ಪಾತ್ರೆಗಳನ್ನು ತೊಳೆದಿಡುವುದು, ಬಚ್ಚಲ ಕಿಂಡಿಗೆ ಜಾಲರಿ ಹಾಕುವುದು, ಬೋರಿಕ್ ಪುಡಿಯನ್ನು ಹಿಟ್ಟು ಸಕ್ಕರೆಯೊಂದಿಗೆ ಕಲಸಿದ ಸಣ್ಣ ಉಂಡೆಗಳನ್ನು ಕಪಾಟಿನ ಹಿಂದಿಡುವುದು ನಿಧಾನವಾದರೂ ಖಚಿತವಾದ ಕ್ರಮ. ಬೋರಿಕ್ ಪುಡಿಯೂ ಹೊಟ್ಟೆಗೆ ಹೋದರೆ ವಿಷವೇ. ಮಕ್ಕಳ ಕೈಗೆ, ನಾಯಿ ಬೆಕ್ಕುಗಳ ಬಾಯಿಗೆ ಎಟುಕಬಾರದು.

ಇಲಿಯ ವಿಷಯದಲ್ಲಿ ಮಲೆನಾಡಿಗರು ತಮ್ಮ ಮಿತ್ರರನ್ನೇ ಕೊಲ್ಲುತ್ತಿದ್ದಾರೆ. ಕೇರೆಹಾವು ವಿಷರಹಿತ, ಇಲಿ ಹೆಗ್ಗಣಗಳೇ ಅದರ ಮುಖ್ಯ ಆಹಾರ. ಹಾವೆಂಬ ಒಂದೇ ಕಾರಣಕ್ಕೆ ಅದನ್ನು ಹೊಡೆದು, ಮರುವಾರ ಪೇಟೆಯಿಂದ ಪಾಷಾಣ ತರುವುದು ಎಂಥ ವ್ಯವಹಾರವೋ ತಿಳಿಯದು. ಕಣಜದ ಗೂಬೆಯ ಪಾಡೂ ಇದೇ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಂದಿನ ಪಾಷಾಣಗಳನ್ನು ತಿಂದ ಇಲಿ ಒಡನೆ ಸಾಯದೆ ಕೆಲವು ದಿನ ತೂಕಡಿಸುತ್ತಾ ತಿರುಗುತ್ತದೆ. ಅದನ್ನು ಸುಲಭವಾಗಿ ಹಿಡಿದ ಗೂಬೆಯ ಮೈಗೂ ವಿಷ ಸೇರುತ್ತದೆ. ಸುಂಡಿಲಿಗೆ ಪೆನ್ಸಿಲ್ ತೂರುವಷ್ಟು ಕಿಂಡಿ ಸಾಕು, ಆದುದರಿಂದ ಬಾಗಿಲಡಿಯ ಸಂದಿಗೆ ತಗಡು, ಗೋಡೆಯ ತೂತಿಗೆ ಗಾರೆ, ಇದು ಮೊದಲ ಕೆಲಸ. ಉಳಿದವಕ್ಕೆ ಬೋನು. ಒಮ್ಮೆ ಹಿಡಿದ ಬೋನನ್ನು ಕೈಗೆ ಚೀಲ ಕಟ್ಟಿಕೊಂಡು ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಮತ್ತೆ ಇಡಬೇಕು.

ಇಲ್ಲಿ ಒಂದು ಸ್ವಾರಸ್ಯದ ಸಂಗತಿಯಿದೆ. ತೋಟದ ಬೇಲಿಗೆ ಹಾಕುವ ಗೊಬ್ಬರದ ಗಿಡದ ಶಾಸ್ತ್ರೀಯ ಹೆಸರು ಗ್ಲಿರಿಸಿಡಿಯಾ. ಲ್ಯಾಟಿನ್ ಮೂಲದ ಈ ಹೆಸರಿನ ಅರ್ಥವೇ ಇಲಿಯನ್ನು ಕೊಲ್ಲುವಂಥದು. ಅದರ ತವರಾದ ಮಧ್ಯ ಅಮೆರಿಕದಲ್ಲಿ ಅದರ ಎಲೆ ತೊಗಟೆಗಳನ್ನು ಧಾನ್ಯದೊಡನೆ ಬೇಯಿಸಿ ಇಲಿಗೆ ಇಡುತ್ತಿದ್ದರು. ಅದರಲ್ಲಿರುವ ಕೂಮರಿನ್ ಎಂಬ ವಸ್ತು ಬೂಷ್ಟು ಹಿಡಿದಾಗ ರಕ್ತಸ್ರಾವ ಉಂಟುಮಾಡುವ ವಿಷವಾಗುತ್ತದೆ. ಬೂಷ್ಟು ಹಿಡಿದ ಮೇವು ತಿಂದ ದನಗಳು ರಕ್ತ ಸುರಿಸಿ ಸತ್ತದ್ದನ್ನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಶೋಧಿಸುತ್ತಾ ಹೋದದ್ದರಿಂದಲೇ 1948ರಲ್ಲಿ ವಾರ್ಫರಿನ್ ಎಂಬ ಇಲಿಪಾಷಾಣ ಬಳಕೆಗೆ ಬಂದಿತು. ಗಿಡದಲ್ಲಿದ್ದರೂ ಡಬ್ಬಿಯಲ್ಲಿದ್ದರೂ ವಿಷದ ಗುಣ ಬದಲಾಗುವುದಿಲ್ಲ. 'ಸಸ್ಯಜನ್ಯ' ಎಂಬ ಚೀಟಿ ಅಂಟಿಸಿದ್ದೆಲ್ಲವೂ ಸುರಕ್ಷಿತವೆಂದು ಪರಿಸರಪ್ರೇಮಿಗಳೇ ನಂಬುವುದುಂಟು. ಕಾಸರಕನ ಬೀಜ ಮನುಷ್ಯನನ್ನು ಕೊಲ್ಲಬಲ್ಲುದು. ಹೊಗೆಸೊಪ್ಪಿನ ಕಷಾಯದ ನಿಕೋಟಿನ್ ಚರ್ಮದ ಮೂಲಕವೂ ಮೈ ಸೇರುತ್ತದೆ. ಕರ್ಪೂರದ ತುಂಡು ನುಂಗಿದ ಮಗುವಿಗೆ ಅಪಸ್ಮಾರ ಬರಬಹುದು. ನುಸಿಗುಳಿಗೆಯಂತೂ ಸಸ್ಯಜನ್ಯವೂ ಅಲ್ಲ. ಅದರ ವಾಸನೆ ಹಿಡಿದ ಬಟ್ಟೆ ತೊಡಿಸಿದಾಗ ಜನ್ಮತಃ ಕಿಣ್ವದ ಕೊರತೆಯಿರುವ ಶಿಶುಗಳ ರಕ್ತಕಣಗಳು ಒಡೆದು ಕಾಮಾಲೆಯಾಗುವುದನ್ನು ವೈದ್ಯರು ದಾಖಲಿಸಿದ್ದಾರೆ.

ಉಣುಗಿನ ವಿಷಯದಲ್ಲಿ ಮಾತ್ರ ಬೇರೆ ನಿಲುವು ತಾಳಬೇಕಾಗುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗಿನ ಮರಿಗಳಿಂದ ಹರಡುವಂಥದು. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಅದರ ಹಾವಳಿ. ಸೊಪ್ಪಿನ ಬೆಟ್ಟದಿಂದ ತಂದ ದರಕಿನೊಂದಿಗೆ ಉಣುಗು ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಜಗಲಿಗೆ ಬರುತ್ತದೆ. ಆ ತಿಂಗಳುಗಳಲ್ಲಿ ಕಾಯಿಲೆ ಕಂಡ ಪ್ರದೇಶದ ಕಾಡಿನಿಂದ ದರಕು ತರಬಾರದು. ಕಾಡಿಗೆ ಹೋಗಲೇಬೇಕಾದವರು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಹಚ್ಚಿಕೊಂಡು ಹೋಗಬೇಕು, ಹಿಂದಿರುಗಿದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು. ಇದು ರಾಸಾಯನಿಕವೆಂದು ದೂರವಿಟ್ಟು ಬೇವಿನೆಣ್ಣೆಯನ್ನೇ ನೆಚ್ಚಿಕೊಳ್ಳುವುದು ಸಲ್ಲದು. ಪ್ರಾಣಾಂತಿಕ ರೋಗದೆದುರು ಪರೀಕ್ಷಿತ ಸಾಧನವನ್ನೇ ಬಳಸಬೇಕು. ಮಂಗ ಸತ್ತದ್ದು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ವಿದ್ಯಾರ್ಥಿ ಮಿತ್ರರು ಮಾಡಬಹುದಾದ ಒಂದು ಕೆಲಸವಿದೆ. ಜೂನ್ ತಿಂಗಳಿನಿಂದ ಪ್ರತಿ ಭಾನುವಾರ ಊರಿನ ಮನೆಗಳ ಸುತ್ತ ನೀರು ನಿಂತ ಪಾತ್ರೆ, ಹಾಳೆ, ಕರಟಗಳನ್ನು ನೋಡಿ ಎಷ್ಟರಲ್ಲಿ ಸೊಳ್ಳೆಮರಿಗಳಿವೆ ಎಂದು ಬರೆದಿಡಿ. ನೋಡಿದ ಪ್ರತಿ ನೂರು ಮನೆಗಳಲ್ಲಿ ಎಷ್ಟು ಮನೆಗಳಲ್ಲಿ ಮರಿ ಸಿಕ್ಕಿತೆಂಬುದನ್ನು 'ಮನೆ ಸೂಚ್ಯಂಕ'ವೆಂದೂ, ನೂರು ಮನೆಗಳಿಗೆ ಮರಿಯಿದ್ದ ಪಾತ್ರೆಗಳು ಎಷ್ಟೆಂಬುದನ್ನು 'ಬ್ರೆಟೋ ಸೂಚ್ಯಂಕ'ವೆಂದೂ ಕರೆಯುತ್ತಾರೆ. ಆರೋಗ್ಯ ಇಲಾಖೆಯವರು ಬಳಸುವ ಅಳತೆಗಳೇ ಇವು. ಊರಿನ ಮನೆಗಳು ಐವತ್ತೇ ಇದ್ದರೆ ಎರಡರಿಂದ ಗುಣಿಸಿದರಾಯಿತು. ಒಂದು ಬಿಳಿಯ ಬಟ್ಟಲು, ಒಂದು ಸೌಟು, ಒಂದು ಪುಸ್ತಕ ಇದಕ್ಕೆ ಬೇಕಾದ ಸಾಮಗ್ರಿ. ಅಂಕಿಗಳನ್ನು ಪಂಚಾಯಿತಿಯ ಗೋಡೆಯ ಮೇಲೆ ವಾರವಾರ ಬರೆದರೆ, ಯಾವ ಮನೆ ಎಂದು ಹೆಸರಿಸದಿದ್ದರೂ, ಹಾಳೆಗಳು ತಾವಾಗಿ ಕವುಚಿಕೊಳ್ಳುತ್ತವೆ.

ಕೊನೆಯದಾಗಿ, ಅಟ್ಟದ ಮೇಲೆ ಈಗಾಗಲೇ ಇರುವ ಡಬ್ಬಿಗಳ ವಿಚಾರ. ಇವುಗಳನ್ನು ಹಳ್ಳಕ್ಕೆ ಸುರಿಯುವುದಾಗಲಿ, ಬಾವಿಯ ಬಳಿ ಹೂಳುವುದಾಗಲಿ, ಸುಡುವುದಾಗಲಿ ಕೂಡದು. ಸುಟ್ಟ ಹೊಗೆಯೂ ವಿಷ. ಮೂಲ ಡಬ್ಬಿಯಲ್ಲಿಯೇ, ಹೆಸರಿನ ಚೀಟಿ ಹರಿಯದಂತೆ, ಮನೆಯ ಹೊರಗಿನ ಬೀಗವಿರುವ ಪೆಟ್ಟಿಗೆಯಲ್ಲಿಟ್ಟು, ಎಷ್ಟು ಮನೆಗಳಲ್ಲಿ ಎಷ್ಟಿದೆ ಎಂದು ಪಟ್ಟಿ ಮಾಡಿ ಕೃಷಿ ಇಲಾಖೆಯ ಹೋಬಳಿ ಕಚೇರಿಗೆ ಒಟ್ಟಾಗಿ ಬರೆದುಕೊಡುವುದು ಸರಿಯಾದ ದಾರಿ. ಒಬ್ಬೊಬ್ಬರು ಹೋದರೆ ಕೇಳುವವರು ಸಿಗುವುದು ಕಷ್ಟ, ಊರೇ ಬರೆದರೆ ಉತ್ತರ ಬರುತ್ತದೆ. ಶೀತಲ ಪಾನೀಯದ ಬಾಟಲಿಗೆ ವಿಷವನ್ನು ಬಗ್ಗಿಸಿಟ್ಟಿದ್ದರೆ ಇಂದು ಸಂಜೆಯೇ ಅದನ್ನು ಹುಡುಕಿ ಬೀಗದೊಳಗಿಡಬೇಕು. ಖಾಲಿಯಾದ ಡಬ್ಬಿಯನ್ನು ಮೂರು ಸಲ ತೊಳೆದು ಆ ನೀರನ್ನು ಸಿಂಪಡಣೆಯ ದ್ರಾವಣಕ್ಕೇ ಸೇರಿಸಿ, ಡಬ್ಬಿಯನ್ನು ಮೊಳೆಯಿಂದ ತೂತು ಮಾಡಬೇಕು, ಇನ್ನೊಬ್ಬರು ಅದರಲ್ಲಿ ಸೀಮೆಎಣ್ಣೆ ತುಂಬದಂತೆ, ನೀರು ಮೊಗೆಯದಂತೆ. ಯಾರಾದರೂ ವಿಷ ಕುಡಿದದ್ದು ತಿಳಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. 108ಕ್ಕೆ ಕರೆ ಮಾಡಿ, ಡಬ್ಬಿಯನ್ನು ಅದರ ಚೀಟಿಯೊಂದಿಗೆ ಆಸ್ಪತ್ರೆಗೆ ಒಯ್ಯಬೇಕು. ಯಾವ ವಿಷವೆಂದು ವೈದ್ಯರಿಗೆ ತಿಳಿದರೆ ಚಿಕಿತ್ಸೆಯ ಮೊದಲ ಗಂಟೆ ವ್ಯರ್ಥವಾಗುವುದಿಲ್ಲ.